ನಮ್ಮ ಉಡುಪು ಯಾವುದು?

ರಮಝಾನಿನ ಕೊನೆಯ ಹತ್ತು ದಿನಗಳು ಬಂದವೆಂದರೆ ನಮ್ಮ ಊರುಗಳ ಬಟ್ಟೆ ಅಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ತರಾವೀಹ್ ಮುಗಿಸಿ ಬಂದವರು ಮಧ್ಯರಾತ್ರಿಯವರೆಗೂ ಬಟ್ಟೆ ಬಿಡಿಸಿ, ಮಡಚಿ, ಚೌಕಾಸಿ ಮಾಡುತ್ತಿರುತ್ತಾರೆ. ಅಜ್ಜನಿಗೆ ಚೌಕುಳಿಯ ಲುಂಗಿ ಮತ್ತು ಬಿಳಿ ಅಂಗಿ ಸಿಕ್ಕಿದರೆ ಹಬ್ಬ ಮುಗಿಯಿತು. ಮೊಮ್ಮಗನಿಗೆ ಜೀನ್ಸ್ ಬೇಕು. ಗಲ್ಫಿನಿಂದ ರಜೆಯಲ್ಲಿ ಬಂದ ಚಿಕ್ಕಪ್ಪ ಅರಬಿಗಳ ಉದ್ದನೆಯ ಬಿಳಿ ಅಂಗಿಯಲ್ಲೇ ಈದ್ಗಾಹಕ್ಕೆ ಹೊರಡುತ್ತಾರೆ. ತಾಯಿ ಸೀರೆಗಳ ಮುಂದೆ ಕೂತಿದ್ದರೆ ಮಗಳು ಚೂಡಿದಾರ್ ಮತ್ತು ಅಬಾಯಗಳ ನಡುವೆ ಓಡಾಡುತ್ತಾಳೆ. ಇಷ್ಟರಲ್ಲಿ ಯಾರಾದರೊಬ್ಬರ ಬಾಯಿಂದ ಆ ಮಾತು ಬಂದೇ ಬರುತ್ತದೆ: "ಇದು ನಮ್ಮ ಉಡುಪಲ್ಲ!"

ವಿಚಿತ್ರವೆಂದರೆ ಈ ಮಾತನ್ನು ಎಲ್ಲರೂ ಹೇಳುತ್ತಾರೆ. ಅಜ್ಜ ಜೀನ್ಸ್ ನೋಡಿ ಹೇಳುತ್ತಾರೆ, ಮೊಮ್ಮಗ ಅರಬಿ ಅಂಗಿ ನೋಡಿ ಹೇಳುತ್ತಾನೆ, ಚಿಕ್ಕಪ್ಪ ಸೀರೆ ನೋಡಿ ಹೇಳುತ್ತಾರೆ. ಅಂಗಡಿಯ ಹೊರಗೂ ಅದೇ ಮಾತನ್ನು ಬೇರೆ ದನಿಯಲ್ಲಿ ಹೇಳುವವರಿದ್ದಾರೆ. ಅವರಿಗೆ ನಮ್ಮ ಟೋಪಿಯೂ ಶಿರವಸ್ತ್ರವೂ ಈ ನೆಲದ್ದಾಗಿ ಕಾಣುವುದಿಲ್ಲ. ಹಾಗಾದರೆ ನಮ್ಮ ಉಡುಪು ಯಾವುದು? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಚರಿತ್ರೆಯ ಕಡೆಗೊಮ್ಮೆ ನೋಡಿ ಬರುವುದು ಒಳ್ಳೆಯದು. ಏಕೆಂದರೆ ಈ ವಿಷಯದಲ್ಲಿ ನಾವು ಪರಂಪರೆ ಎಂದು ಹೇಳಿಕೊಳ್ಳುವುದರಲ್ಲಿ ಹೆಚ್ಚಿನದು ನಮ್ಮ ಅಜ್ಜನ ಕಾಲದಿಂದ ಹಿಂದಕ್ಕೆ ಹೋಗುವುದಿಲ್ಲ.

ಹೊನ್ನಾವರದ ಮಹಿಳೆಯರು

ಮೊರೊಕ್ಕೊದ ತಾಂಜಿಯರ್‌ನಲ್ಲಿ 1304ರಲ್ಲಿ ಹುಟ್ಟಿದ ಇಬ್ನ್ ಬತೂತ ದಿಲ್ಲಿಯ ಮುಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ ಚೀನಾಕ್ಕೆ ಹೊರಟು, 1342ರ ಸುಮಾರಿಗೆ ನಮ್ಮ ಉತ್ತರ ಕನ್ನಡದ ಹೊನ್ನಾವರಕ್ಕೆ ಬಂದನು. ಅವನು ಅದನ್ನು ಹಿನಾವರ್ ಎಂದು ಕರೆದಿದ್ದಾನೆ. ಅಲ್ಲಿನ ಮುಸ್ಲಿಮರು ಶಾಫಿಈ ಪಂಥದವರು, ಧರ್ಮನಿಷ್ಠರು ಎಂದು ಹೊಗಳಿದ್ದಾನೆ. ಆ ಪಟ್ಟಣದಲ್ಲಿ ಹುಡುಗಿಯರಿಗಾಗಿ 13 ಮತ್ತು ಹುಡುಗರಿಗಾಗಿ 23 ಶಾಲೆಗಳನ್ನು ಕಂಡುದಾಗಿಯೂ, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲವೆಂದೂ ಬರೆದಿದ್ದಾನೆ. ಅಲ್ಲಿನ ಮಹಿಳೆಯರು ಕುರ್‌ಆನನ್ನು ಕಂಠಪಾಠ ಮಾಡಿದವರು.

ಆ ಮಹಿಳೆಯರು ಏನನ್ನು ಉಡುತ್ತಿದ್ದರು? ಅದನ್ನೂ ಅವನು ಹೇಳಿದ್ದಾನೆ. ಅವರೂ ಈ ಕರಾವಳಿಯ ಇತರ ಸ್ತ್ರೀಯರೂ ಹೊಲಿದ ಬಟ್ಟೆ ತೊಡುವುದಿಲ್ಲ. ಹೊಲಿಗೆಯಿಲ್ಲದ ಒಂದೇ ಬಟ್ಟೆಯ ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ, ಉಳಿದುದನ್ನು ತಲೆ ಮತ್ತು ಎದೆಯ ಮೇಲೆ ಹೊದೆಯುತ್ತಾರೆ. ಮೂಗಿನಲ್ಲಿ ಚಿನ್ನದ ಉಂಗುರವಿರುತ್ತದೆ. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದು ಸೀರೆ, ತಲೆಯ ಮೇಲೆ ಸೆರಗು, ಮೂಗಿನಲ್ಲಿ ನತ್ತು. ಸುಮಾರು ಏಳುನೂರು ವರ್ಷಗಳ ಹಿಂದೆ ಕರ್ನಾಟಕದ ಕಡಲತೀರದಲ್ಲಿ ಕುರ್‌ಆನ್ ಹೃದಯದಲ್ಲಿಟ್ಟುಕೊಂಡಿದ್ದ ಮಹಿಳೆಯರು ನೆರೆಮನೆಯವರು ಉಡುವ ಬಟ್ಟೆಯನ್ನೇ ಉಟ್ಟು, ಅದರ ಸೆರಗಿನಿಂದಲೇ ತಲೆ ಮುಚ್ಚಿಕೊಂಡಿದ್ದರು. ಊರಿನ ಬಟ್ಟೆಯೋ, ಧರ್ಮದ ಬಟ್ಟೆಯೋ ಎಂಬ ಪ್ರಶ್ನೆ ಅವರಿಗೆ ಎದುರಾದಂತೆ ಕಾಣುವುದಿಲ್ಲ. ಒಂದೇ ಬಟ್ಟೆಯಲ್ಲಿ ಎರಡೂ ಇದ್ದವು.

ಇದೇ ಇಬ್ನ್ ಬತೂತ 1331ರಲ್ಲಿ ಆಫ್ರಿಕದ ಮೊಗದಿಶುವಿಗೆ ಹೋಗಿದ್ದಾಗ ಅಲ್ಲಿ ಅವನಿಗೆ ಪೈಜಾಮದ ಬದಲು ಸೊಂಟಕ್ಕೆ ಸುತ್ತಿಕೊಳ್ಳುವ ರೇಷ್ಮೆಯ ಬಟ್ಟೆಯನ್ನು ಉಡುಗೊರೆಯಾಗಿ ಕೊಟ್ಟರು. ಯಮನಿನಿಂದ ಜಾವಾದವರೆಗೆ, ನಡುವೆ ನಮ್ಮ ಭಟ್ಕಳ, ಮಂಗಳೂರು, ಮಲಬಾರುಗಳಲ್ಲೂ ಗಂಡಸರು ಸೊಂಟಕ್ಕೆ ಬಟ್ಟೆ ಸುತ್ತಿಕೊಂಡೇ ಬದುಕಿದವರು. ಸೆಕೆ, ಬೆವರು, ಮಳೆ, ದೋಣಿ ಇರುವಲ್ಲಿ ಅದಕ್ಕಿಂತ ಅನುಕೂಲದ ಉಡುಪು ಇನ್ನೊಂದಿಲ್ಲ. ಮಲಬಾರಿನಲ್ಲಿ ಮುಸ್ಲಿಮರು ಮುಂಡನ್ನು ಎಡಕ್ಕೆ ಕಟ್ಟಿದರೆ ಹಿಂದೂಗಳು ಬಲಕ್ಕೆ ಕಟ್ಟುವ ರೂಢಿ ಬೆಳೆಯಿತು. ಬಟ್ಟೆ ಒಂದೇ, ನೇಯ್ದ ಕೈ ಒಂದೇ, ವ್ಯತ್ಯಾಸ ಅಂಚು ಯಾವ ಕಡೆಗೆ ಎಂಬಷ್ಟೇ. ತನ್ನತನವನ್ನು ಉಳಿಸಿಕೊಳ್ಳಲು ಅವರಿಗೆ ಅಷ್ಟು ಸಾಕಾಗಿತ್ತು.

ಜುಬ್ಬ ಮತ್ತು ಜೇಬು

ಇಸ್ಲಾಮ್ ಉಡುಪಿನ ಬಗ್ಗೆ ಏನು ಹೇಳುತ್ತದೆ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿಯೇ ಏಳುತ್ತದೆ. ಅಲ್ ಅಅ್‌ರಾಫ್ ಅಧ್ಯಾಯದ 26ನೆಯ ವಚನದಲ್ಲಿ ಉಡುಪಿಗೆ ಎರಡು ಉದ್ದೇಶಗಳನ್ನು ಹೇಳಲಾಗಿದೆ: ಮಾನ ಮುಚ್ಚುವುದು ಮತ್ತು ಅಲಂಕಾರ. ಅದಾದ ಮೇಲೆ, ಎಲ್ಲಕ್ಕಿಂತ ಮೇಲಾದ ಉಡುಪು ದೇವಭಯದ ಉಡುಪು ಎಂಬ ಎಚ್ಚರಿಕೆಯೂ ಇದೆ. ಅನ್ನೂರ್ ಅಧ್ಯಾಯದಲ್ಲಿ ಸಭ್ಯತೆಯ ಆದೇಶ ಬರುವಾಗ 30ನೆಯ ವಚನದಲ್ಲಿ ಮೊದಲು ಗಂಡಸರಿಗೆ ದೃಷ್ಟಿ ತಗ್ಗಿಸಲು ಹೇಳಿ, 31ನೆಯ ವಚನದಲ್ಲಿ ಸ್ತ್ರೀಯರ ವಿಷಯಕ್ಕೆ ಬರಲಾಗಿದೆ. ನಮ್ಮ ಪ್ರವಚನಗಳಲ್ಲಿ ಈ ಕ್ರಮ ತಲೆಕೆಳಗಾಗುವುದನ್ನು, ಎಷ್ಟೋ ಸಲ ಮೊದಲನೆಯದು ಬಿಟ್ಟೇ ಹೋಗುವುದನ್ನು ನಾವೆಲ್ಲ ಕಂಡಿದ್ದೇವೆ.

ಆ 31ನೆಯ ವಚನದಲ್ಲಿ ಶಿರವಸ್ತ್ರವನ್ನು ಎದೆಯ ಮೇಲೆ ಇಳಿಬಿಡಿ ಎನ್ನುವಲ್ಲಿ 'ಜುಯೂಬ್' ಎಂಬ ಪದವಿದೆ. ಅದು 'ಜೈಬ್' ಎಂಬುದರ ಬಹುವಚನ. ಅಂಗಿಯ ಕೊರಳ ಬಳಿಯ ತೆರವು ಎಂದು ಅದರ ಅರ್ಥ. ಕಾಲಾಂತರದಲ್ಲಿ ಆ ಪದಕ್ಕೆ ಅಂಗಿಯ ಕಿಸೆ ಎಂಬ ಅರ್ಥ ಬಂದು, ಪರ್ಶಿಯನ್ ಮತ್ತು ಉರ್ದುಗಳ ಮೂಲಕ ಕನ್ನಡಕ್ಕೆ 'ಜೇಬು' ಆಗಿ ಬಂತು. ಯಾವ ಧರ್ಮದ ಕನ್ನಡಿಗನೇ ಆಗಲಿ, ಜೇಬಿಗೆ ಕೈ ಹಾಕಿದಾಗೆಲ್ಲ ಅವನಿಗರಿಯದೆಯೇ ಆ ಪದವನ್ನು ಮುಟ್ಟುತ್ತಾನೆ!

ಪ್ರವಾದಿ ಮುಹಮ್ಮದ್(ಸ)ರು ಯಾವ ಉಡುಪು ಧರಿಸಿದ್ದರು ಎಂಬುದಕ್ಕೆ ಹದೀಸ್ ಗ್ರಂಥಗಳಲ್ಲಿ ಬೇಕಾದಷ್ಟು ವಿವರಗಳಿವೆ. ಯಮನಿನ ಗೆರೆಯಿರುವ ಹೊದಿಕೆ ಅವರಿಗೆ ಪ್ರಿಯವಾಗಿತ್ತು. ಮುಗೀರ ಬಿನ್ ಶುಅಬ(ರ) ಹೇಳಿದ ಒಂದು ಪ್ರಸಂಗವನ್ನು ಬುಖಾರಿಯಲ್ಲಿ ಕಾಣುತ್ತೇವೆ. ಪ್ರವಾದಿ(ಸ)ಯವರು ಪ್ರಯಾಣದಲ್ಲಿದ್ದಾಗ ಶಾಮ್ ದೇಶದ ಜುಬ್ಬ ತೊಟ್ಟಿದ್ದರು. ಅದರ ತೋಳು ಎಷ್ಟು ಬಿಗಿಯಿತ್ತೆಂದರೆ ವುಝೂ ಮಾಡುವಾಗ ಮೇಲಕ್ಕೆ ಏರಲಿಲ್ಲ. ಅವರು ಕೈಗಳನ್ನು ಜುಬ್ಬದ ಅಡಿಯಿಂದ ಹೊರತೆಗೆದು ತೊಳೆದರು. ಶಾಮ್ ಆಗ ರೋಮನ್ ಸಾಮ್ರಾಜ್ಯದ ಪ್ರದೇಶ. ಅಲ್ಲಿನ ದರ್ಜಿಗಳು ಹೊಲಿಯುತ್ತಿದ್ದ ರೀತಿಯ ಅಂಗಿಯನ್ನು ಪ್ರವಾದಿ(ಸ)ಯವರು ಯಾವ ಸಂಕೋಚವೂ ಇಲ್ಲದೆ ತೊಟ್ಟಿದ್ದರು. ಆ 'ಜುಬ್ಬ'ವೇ ಇಂದು ನಮ್ಮ ಕನ್ನಡ ಸಾಹಿತಿಗಳ ಹೆಗಲ ಮೇಲಿದೆ, ಹೆಸರೂ ಬದಲಾಗಿಲ್ಲ.

ಬಟ್ಟೆಗೆ ಸಂಬಂಧಿಸಿದ ನಮ್ಮ ಪದಗಳನ್ನೇ ಗಮನಿಸಿ. ಶಾಲು, ಪೈಜಾಮ, ರುಮಾಲು, ಜರಿ, ದರ್ಜಿ ಇವೆಲ್ಲ ಪರ್ಶಿಯನ್ ಮೂಲದವು. ಉತ್ತರ ಕರ್ನಾಟಕದವರು ಹೇಳುವ 'ಇಜಾರು' ಅರಬಿಯ 'ಇಝಾರ್'. ಅರಬಿಯ 'ಕಮೀಸ್' ಕೂಡ ಅರಬಿಯಲ್ಲಿ ಹುಟ್ಟಿದ್ದಲ್ಲ, ಲ್ಯಾಟಿನ್ನಿನ 'ಕಮಿಸಿಯ'ದಿಂದ ಬಂದದ್ದು. ಕುಪ್ಪಸಕ್ಕೆ ಸಂಸ್ಕೃತದ 'ಕೂರ್ಪಾಸ' ಮೂಲ. ಇಷ್ಟೆಲ್ಲ ಹೊರಗಿನಿಂದ ಬಂದ ಮೇಲೂ ಇವು ನಮ್ಮವೇ. ಬಂದ ದಾರಿಯಿಂದ ಅವು ನಮ್ಮದಾಗಲಿಲ್ಲ, ಬಳಸಿದ್ದರಿಂದ ನಮ್ಮದಾದವು.

ಒಂದು ಟೋಪಿಯ ಮೂರು ಜನ್ಮ

ಆದರೆ ಆಳುವವರ ಅಪ್ಪಣೆಯಿಂದ ಬಂದ ಉಡುಪಿನ ಕಥೆ ಬೇರೆ. ಕೆಂಪು ಬಣ್ಣದ, ಕರಿಯ ಕುಚ್ಚಿನ ತುರ್ಕಿ ಟೋಪಿಯನ್ನು ನಮ್ಮ ಹಿರಿಯರ ಹಳೆಯ ಚಿತ್ರಗಳಲ್ಲಿ ನೋಡಿರುತ್ತೇವೆ. ಮುಸ್ಲಿಮ್ ಗುರುತೆಂದರೆ ಅದೇ ಎಂಬಂತೆ ಒಂದು ಕಾಲದಲ್ಲಿ ಅದು ಮೆರೆಯಿತು. 1829ರಲ್ಲಿ ಉಸ್ಮಾನಿಯ ಸುಲ್ತಾನ್ ಎರಡನೆಯ ಮಹ್ಮೂದ್ ತನ್ನ ಅಧಿಕಾರಿಗಳು ಮುಂಡಾಸು ಬಿಟ್ಟು ಈ ಟೋಪಿ ಧರಿಸಬೇಕೆಂದು ಆಜ್ಞೆ ಹೊರಡಿಸಿದಾಗ ಧರ್ಮನಿಷ್ಠರು ಅದನ್ನು ವಿರೋಧಿಸಿದರು. ಮುಂಡಾಸು ಮುಸ್ಲಿಮರ ಗೌರವ, ಟೋಪಿ ಹೊಸ ಆಚಾರ ಎಂಬುದು ಅವರ ವಾದವಾಗಿತ್ತು. ಕ್ರಮೇಣ ಅದೇ ಟೋಪಿ ಇಸ್ಲಾಮಿನ ಚಿಹ್ನೆಯಾಯಿತು. ಅದರಲ್ಲಿ ಬಹುಪಾಲು ಆಸ್ಟ್ರಿಯದ ಕಾರ್ಖಾನೆಗಳಲ್ಲಿ ತಯಾರಾಗುತ್ತಿತ್ತು ಎಂಬುದು ಇನ್ನೊಂದು ತಮಾಷೆ. 1908ರಲ್ಲಿ ಆಸ್ಟ್ರಿಯ ಬೋಸ್ನಿಯವನ್ನು ತನ್ನ ರಾಜ್ಯಕ್ಕೆ ಸೇರಿಸಿಕೊಂಡಾಗ ತುರ್ಕಿಯ ಜನರು ಸಿಟ್ಟಿನಿಂದ ಅದನ್ನು ಬಹಿಷ್ಕರಿಸಿದರು.

1925ರ ನವೆಂಬರ್ 25ರಂದು ಮುಸ್ತಫಾ ಕಮಾಲರ ಸರಕಾರ ಯುರೋಪಿಯನ್ ಹ್ಯಾಟ್ ಧರಿಸುವುದನ್ನು ಕಾನೂನು ಮಾಡಿ ಈ ಟೋಪಿಯನ್ನು ನಿಷೇಧಿಸಿತು. ಹಲವು ಪಟ್ಟಣಗಳಲ್ಲಿ ಜನರು ಬೀದಿಗಿಳಿದರು, ಕೆಲವರನ್ನು ಗಲ್ಲಿಗೇರಿಸಲಾಯಿತು. ಹ್ಯಾಟನ್ನು ಟೀಕಿಸಿ ಕಿರುಹೊತ್ತಗೆ ಬರೆದಿದ್ದ ವಿದ್ವಾಂಸ ಇಸ್ಕಿಲಿಪ್ಲಿ ಆತಿಫ್ ಹೋಜರನ್ನು 1926ರ ಫೆಬ್ರವರಿಯಲ್ಲಿ ನೇಣಿಗೆ ಹಾಕಿದರು. ಆ ಪುಸ್ತಕ ಬಂದದ್ದು ಕಾನೂನು ಬರುವುದಕ್ಕಿಂತ ಮೊದಲು! ನೂರು ವರ್ಷಗಳ ಹಿಂದೆ ಬಲವಂತದಿಂದ ತಲೆಗೇರಿದ ಟೋಪಿಗಾಗಿ ಜನರು ಪ್ರಾಣ ಕೊಟ್ಟರು, ಅದನ್ನು ಬಲವಂತದಿಂದಲೇ ಇಳಿಸಲಾಯಿತು. ಇತ್ತ ಭಾರತದಲ್ಲಿ ಅಲಿಗಢದ ವಿದ್ಯಾರ್ಥಿಗಳೂ ನಮ್ಮ ಹಿರಿಯರೂ ತುರ್ಕಿಯವರು ಬಿಟ್ಟ ತುರ್ಕಿ ಟೋಪಿಯನ್ನು ಇನ್ನೂ ಕೆಲವು ದಶಕ ಧರಿಸಿಕೊಂಡಿದ್ದರು.

ಇರಾನಿನ ಚಾದರ

ಇರಾನಿನ ಚರಿತ್ರೆ ಇದಕ್ಕಿಂತ ಕಟುವಾದುದು. 1936ರ ಜನವರಿ 8ರಂದು ರೆಝಾ ಶಾಹ್ ಸ್ತ್ರೀಯರ ಪರ್ದಾವನ್ನು ನಿಷೇಧಿಸಿದನು. ಪೊಲೀಸರು ಬೀದಿಯಲ್ಲಿ ಹೆಂಗಸರ ಚಾದರವನ್ನು ಎಳೆದು ಹರಿದುಹಾಕಿದರು. ಅದನ್ನು ಸ್ವಾತಂತ್ರ್ಯವೆಂದು ಸ್ವಾಗತಿಸಿದ ಸ್ತ್ರೀಯರೂ ಇದ್ದರು, ಸುಳ್ಳಲ್ಲ. ಆದರೆ ಸಾಮಾನ್ಯ ಮನೆಗಳ ಎಷ್ಟೋ ಮಹಿಳೆಯರು ಮನೆಯಿಂದ ಹೊರಬರುವುದನ್ನೇ ನಿಲ್ಲಿಸಿದರು. ಸ್ವಾತಂತ್ರ್ಯ ಕೊಡುತ್ತೇವೆಂದು ಬಂದ ಆಜ್ಞೆ ಅವರನ್ನು ನಾಲ್ಕು ಗೋಡೆಗಳ ಮಧ್ಯೆ ಕೂಡಿಹಾಕಿತು. 1978ರಲ್ಲಿ ಅವನ ಮಗನ ದಬ್ಬಾಳಿಕೆಯ ವಿರುದ್ಧ ಜನ ಎದ್ದಾಗ ಅದುವರೆಗೆ ಚಾದರ ತೊಡದಿದ್ದ ವಿದ್ಯಾವಂತ ಯುವತಿಯರೂ ಪ್ರತಿಭಟನೆಯ ಗುರುತಾಗಿ ತಾವಾಗಿಯೇ ಅದನ್ನು ಹೊದ್ದು ಮೆರವಣಿಗೆಗೆ ಬಂದರು. ಆದರೆ ಕ್ರಾಂತಿ ಗೆದ್ದ ಮೇಲೆ ಅವರ ಆಯ್ಕೆಯನ್ನೇ ಸರಕಾರ ಕಡ್ಡಾಯವನ್ನಾಗಿ ಮಾಡಿತು. 1979ರ ಮಾರ್ಚ್ 8ರಂದು ಸಾವಿರಾರು ಮಹಿಳೆಯರು ಅದನ್ನು ವಿರೋಧಿಸಿದರೂ 1983ರಲ್ಲಿ ಶಿರವಸ್ತ್ರವಿಲ್ಲದೆ ಹೊರಬರುವುದು ಶಿಕ್ಷಾರ್ಹ ಅಪರಾಧವಾಯಿತು. 2022ರ ಸೆಪ್ಟೆಂಬರ್‌ನಲ್ಲಿ ಉಡುಪಿನ ಕಾರಣಕ್ಕೆ ಪೊಲೀಸರು ಹಿಡಿದ 22ರ ತರುಣಿ ಮಹ್‌ಸಾ ಅಮೀನಿ ಮರಣ ಹೊಂದಿದಾಗ ಇಡೀ ದೇಶ ಹೊತ್ತಿ ಉರಿಯಿತು.

ಅದೇ ಚಾದರ, ಅದೇ ಊರು. ತೆಗೆಸಿದಾಗ ಅವಮಾನವಾಯಿತು, ತಾನಾಗಿ ಹೊದ್ದಾಗ ಧ್ವಜವಾಯಿತು, ಹೊದಿಸಿದಾಗ ಮತ್ತೆ ಅವಮಾನವಾಯಿತು. ಬಟ್ಟೆಯಲ್ಲಿ ಏನೂ ಬದಲಾಗಿರಲಿಲ್ಲ. ಬದಲಾದದ್ದು ಅದು ಯಾರ ಕೈಯಿಂದ ಮೈಮೇಲೆ ಬಂತು ಎಂಬುದು ಮಾತ್ರ.

ಶೇರ್ವಾನಿ ಮತ್ತು ಪೇಟ

ನಮ್ಮ ದೇಶಕ್ಕೆ ಬರೋಣ. ಮುಸ್ಲಿಮ್ ಮದುವೆಗಳಲ್ಲಿ ವರನ ಉಡುಪೆಂದು ಹೆಸರಾದ ಶೇರ್ವಾನಿ, ಉತ್ತರ ಭಾರತದ ಹಳೆಯ ಅಂಗರಖಾ ಮತ್ತು ಬ್ರಿಟಿಷರ ಉದ್ದ ಕೋಟು ಸೇರಿ 19ನೆಯ ಶತಮಾನದಲ್ಲಿ ರೂಪುಗೊಂಡ ಉಡುಪು. ಹೈದರಾಬಾದ್ ಸಂಸ್ಥಾನದಲ್ಲಿ ಅದು ದರ್ಬಾರಿನ ಉಡುಪಾಯಿತು. 1948ರ ಸೆಪ್ಟೆಂಬರ್‌ವರೆಗೆ ಆ ಸಂಸ್ಥಾನಕ್ಕೆ ಸೇರಿದ್ದ ಕಲಬುರಗಿ, ಬೀದರ್, ರಾಯಚೂರುಗಳಲ್ಲಿ ಹಿಂದೂ ಅಧಿಕಾರಿಗಳೂ ವಕೀಲರೂ ಶೇರ್ವಾನಿಯಲ್ಲೇ ಕಚೇರಿಗೆ ಹೋಗುತ್ತಿದ್ದರು. ಲಂಡನ್ನಿನಲ್ಲಿ ಹೊಲಿಸಿದ ಸೂಟುಗಳಿಗೆ ಹೆಸರಾಗಿದ್ದ ಜಿನ್ನಾ 1937ರ ಲಕ್ನೋ ಅಧಿವೇಶನಕ್ಕೆ ಶೇರ್ವಾನಿ ತೊಟ್ಟು ಬಂದರು. ಅವರ ರಾಜಕೀಯವನ್ನು ಕೊನೆಯವರೆಗೂ ಎದುರಿಸಿದ ಮೌಲಾನಾ ಆಝಾದರೂ ಶೇರ್ವಾನಿಯವರೇ. ಸ್ವತಂತ್ರ ಭಾರತದ ಮೊದಲ ಪ್ರಧಾನಿ ನೆಹರೂ ಅವರ ಅಚ್ಕನ್ ಕೂಡ ಅದೇ ಕುಟುಂಬಕ್ಕೆ ಸೇರಿದ್ದು. ಶೇರ್ವಾನಿ ನೋಡಿ ವ್ಯಕ್ತಿಯ ಮನಸ್ಸನ್ನು ಅಳೆಯ ಹೊರಟವರು ಈ ಮೂವರ ನಡುವೆ ದಾರಿ ತಪ್ಪುತ್ತಾರೆ.

ಮೈಸೂರಿನಲ್ಲಿ 1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಝಾ ಇಸ್ಮಾಯಿಲರ ಭಾವಚಿತ್ರ ನೋಡಿ. ಇರಾನಿನ ಶಿರಾಝಿನಿಂದ ಕುದುರೆ ವ್ಯಾಪಾರಕ್ಕಾಗಿ ಬೆಂಗಳೂರಿಗೆ ಬಂದ ಆಗಾ ಅಲಿ ಅಸ್ಕರರ ಮೊಮ್ಮಗ ಅವರು. ತಲೆಯ ಮೇಲಿರುವುದು ಮೈಸೂರು ಪೇಟ. ಸರ್ ಎಂ. ವಿಶ್ವೇಶ್ವರಯ್ಯನವರ ತಲೆಯ ಮೇಲೂ ಅದೇ. ಪೇಟ ಕಟ್ಟಿದ್ದರಿಂದ ಮಿರ್ಝಾ ಸಾಹೇಬರ ಧರ್ಮಕ್ಕೆ ಕುಂದು ಬರಲಿಲ್ಲ, ಮಿರ್ಝಾ ಸಾಹೇಬರು ಕಟ್ಟಿದ್ದರಿಂದ ಪೇಟಕ್ಕೂ ಕುಂದು ಬರಲಿಲ್ಲ. ಇಂದು ಕನ್ನಡ ಮದುವೆಗಳ ಹೆಮ್ಮೆಯಾದ ಮೈಸೂರು ರೇಷ್ಮೆ ಸೀರೆಯ ಎಳೆ ಹಿಡಿದು ಹಿಂದಕ್ಕೆ ಹೋದರೆ, 1780ರ ದಶಕದಲ್ಲಿ ಬಂಗಾಳದಿಂದ ರೇಷ್ಮೆ ಹುಳು ತರಿಸಿ ಸಾಕಲು ಏರ್ಪಾಡು ಮಾಡಿದ ಟಿಪ್ಪು ಸುಲ್ತಾನರ ಬಳಿಗೆ ತಲುಪುತ್ತೇವೆ. ಅದನ್ನು 1912ರಲ್ಲಿ ಕಾರ್ಖಾನೆಯ ಮಟ್ಟಕ್ಕೆ ಏರಿಸಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಸರಕಾರ. ಈ ಸೀರೆಯಲ್ಲಿ ಯಾರ ಪಾಲು ಎಷ್ಟೆಂದು ಬಿಡಿಸಿ ತೆಗೆಯಲು ಹೋದರೆ ಸೀರೆಯೇ ಉಳಿಯುವುದಿಲ್ಲ.

ಕಳಚಿದವರು, ತೊಟ್ಟವರು

ತನಗೆ ತಕ್ಕ ಉಡುಪನ್ನು ಆಲೋಚಿಸಿ ಆರಿಸಿಕೊಂಡವರ ವಿಷಯದಲ್ಲಿ ಇಬ್ಬರು ನಾಯಕರು ನೆನಪಾಗುತ್ತಾರೆ. ಗಾಂಧೀಜಿ 1921ರ ಸೆಪ್ಟೆಂಬರ್ 22ರಂದು ಮಧುರೆಯಲ್ಲಿ ಅಂಗಿ, ಟೋಪಿಗಳನ್ನು ಬಿಟ್ಟು ತುಂಡು ಬಟ್ಟೆಗೆ ಇಳಿದರು. ಮೈತುಂಬ ಖಾದಿ ಕೊಳ್ಳಲು ಶಕ್ತಿಯಿಲ್ಲದ ಬಡವರೊಡನೆ ನಿಲ್ಲುವ ಬಗೆ ಅದೆಂದು ಅವರು ಕಂಡುಕೊಂಡರು. ಡಾ. ಅಂಬೇಡ್ಕರ್ ಸದಾ ಅಚ್ಚುಕಟ್ಟಾದ ಸೂಟಿನಲ್ಲಿರುತ್ತಿದ್ದರು. 1927ರ ಡಿಸೆಂಬರ್‌ನಲ್ಲಿ ಮಹಾಡ್‌ನಲ್ಲಿ ಸೇರಿದ್ದ ದಲಿತ ಮಹಿಳೆಯರಿಗೆ, ಮೇಲ್ಜಾತಿಯವರಂತೆ ಮೈತುಂಬ ಸೀರೆ ಉಡಿ, ಅಸ್ಪೃಶ್ಯತೆಯ ಗುರುತಾದ ಭಾರದ ಒಡವೆಗಳನ್ನು ತೆಗೆದುಬಿಡಿ ಎಂದು ಹೇಳಿದರು. ಇಲ್ಲಿ ಪರಂಪರೆಯ ಉಡುಪನ್ನು ಬಿಡುವುದೇ ಮಾನವಾಯಿತು. ಮೊದಲೇ ಬಟ್ಟೆಯಿಲ್ಲದಂತೆ ಮಾಡಲ್ಪಟ್ಟವರಿಗೆ ಬಟ್ಟೆ ಕಳಚುವುದು ತ್ಯಾಗವಾಗಲಾರದು. ಒಬ್ಬರು ಕಳಚಿ, ಇನ್ನೊಬ್ಬರು ತೊಟ್ಟು ತಮ್ಮ ತಮ್ಮ ನಿಜವನ್ನು ಹೇಳಿದರು. ಇಬ್ಬರನ್ನೂ ಯಾರೂ ಒತ್ತಾಯಿಸಿರಲಿಲ್ಲ.

ನಮ್ಮ ಅಂಗಳದಲ್ಲಿ

1970ರ ದಶಕದ ನಂತರ ನಮ್ಮ ಕರಾವಳಿಯ ಯುವಕರು ದುಡಿಮೆಗಾಗಿ ಗಲ್ಫಿಗೆ ಹೋಗತೊಡಗಿದರು. ಅವರ ಪೆಟ್ಟಿಗೆಗಳಲ್ಲಿ ಅತ್ತರು, ಟೇಪ್ ರೆಕಾರ್ಡರ್‌ಗಳ ಜೊತೆ ಕರಿಯ ಅಬಾಯವೂ ಬಂತು. ಅದನ್ನು ಹೊರಗಿನಿಂದ ಬಂದದ್ದು ಎಂದು ತಳ್ಳಿಹಾಕುವುದು ಸರಿಯಲ್ಲ. ಜುಬ್ಬವೂ ಶೇರ್ವಾನಿಯೂ ಪ್ಯಾಂಟೂ ಹಾಗೆ ಬಂದವೇ. ಅಬಾಯ ತೊಟ್ಟು ಬಸ್ಸು ಹತ್ತಿ ಕಾಲೇಜಿಗೆ, ಉದ್ಯೋಗಕ್ಕೆ ಹೋದ ಹುಡುಗಿಯರಿಗೆ ಅದು ಹೊರಜಗತ್ತಿನ ಬಾಗಿಲು ತೆರೆದ ಉಡುಪಾಗಿರಬಹುದು. ಆದರೆ ಅದು ಬಂದ ಮೇಲೆ ಸೀರೆಯ ಸೆರಗನ್ನು ತಲೆಗೆ ಹೊದ್ದು ಬಾಳಿದ ನಮ್ಮ ಅಜ್ಜಿಯಂದಿರ ಧರ್ಮನಿಷ್ಠೆ ಕಡಿಮೆಯಿತ್ತೆಂದು ಮಾತಾಡುವುದು ಮಾತ್ರ ಹೊನ್ನಾವರದ ಆ ಮಹಿಳೆಯರಿಗೆ ಮಾಡುವ ಅನ್ಯಾಯ.

ಹೊರಗಿನ ಅನ್ಯಾಯವನ್ನೂ ಹೇಳಲೇಬೇಕು. 2022ರ ಫೆಬ್ರವರಿ 5ರ ಸರಕಾರಿ ಆದೇಶದ ಬಳಿಕ ಕರ್ನಾಟಕದ ಹಲವು ಕಾಲೇಜುಗಳ ಗೇಟಿನ ಮುಂದೆ ಶಿರವಸ್ತ್ರ ಧರಿಸಿದ ಹುಡುಗಿಯರು ಪುಸ್ತಕ ಹಿಡಿದುಕೊಂಡು ನಿಲ್ಲಬೇಕಾಯಿತು. ಮಾರ್ಚ್ 15ರಂದು ರಾಜ್ಯ ಹೈಕೋರ್ಟು ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಒಬ್ಬರು ಮೇಲ್ಮನವಿಗಳನ್ನು ತಳ್ಳಿಹಾಕಿದರೆ, ಇನ್ನೊಬ್ಬರು ಅದನ್ನು ಹುಡುಗಿಯ ಆಯ್ಕೆಯ ಮತ್ತು ಶಿಕ್ಷಣದ ಪ್ರಶ್ನೆಯಾಗಿ ಕಂಡರು. ಹುಡುಗಿಯರಿಗಾಗಿ 13 ಶಾಲೆಗಳಿದ್ದುದನ್ನು ಕಂಡು ಪ್ರವಾಸಿಯೊಬ್ಬ ಬೆರಗಾದ ನಾಡಿನಲ್ಲಿ, ಏಳು ಶತಮಾನಗಳ ನಂತರ, ತಲೆಯ ಮೇಲಿನ ಒಂದು ಮೊಳ ಬಟ್ಟೆಗಾಗಿ ಹುಡುಗಿಯರ ಪಾಠ ನಿಂತಿತು.

ಆ ದಿನಗಳಲ್ಲಿ ಆ ಹುಡುಗಿಯರ ಬಗ್ಗೆ ಎಲ್ಲರೂ ಮಾತಾಡಿದರು. ತೆಗೆಯಿರಿ ಎಂದವರೂ ತೆಗೆಯಬೇಡಿ ಎಂದವರೂ ಗಟ್ಟಿಯಾಗಿಯೇ ಕೂಗಿದರು. ನಿನಗೇನು ಬೇಕು ಮಗಳೇ ಎಂದು ಕೇಳಿದವರು ಎಷ್ಟು ಮಂದಿ? ತೆಗೆಸುವವರ ವಿರುದ್ಧ ನಾವು ಆಯ್ಕೆಯ ಹಕ್ಕನ್ನು ಎತ್ತಿ ಹೇಳಿದೆವು, ಅದು ಸರಿ. ಆದರೆ ಆ ಹಕ್ಕು ನಮ್ಮ ಮನೆಯ ಹೊಸ್ತಿಲ ಒಳಗೂ ನಡೆಯಬೇಕು. ಇಲ್ಲವಾದರೆ ನಮ್ಮ ಮಾತಿಗೆ ತೂಕ ಬರುವುದಿಲ್ಲ.

ಎರಡು ತುಂಡು ಬಟ್ಟೆ

ಪ್ರಸಿದ್ಧಿಗಾಗಿ ತೊಡುವ ಉಡುಪಿನ ಬಗ್ಗೆ ಪ್ರವಾದಿ(ಸ)ಯವರು ಎಚ್ಚರಿಸಿದ್ದಾರೆ. ಇದು ಬರೇ ದುಬಾರಿ ಬಟ್ಟೆಗೆ ಮಾತ್ರ ಅನ್ವಯಿಸುವುದಲ್ಲ, ವಿರಕ್ತನೆಂದು ತೋರಿಸಿಕೊಳ್ಳಲು ತೊಡುವ ಹರಕು ಬಟ್ಟೆಗೂ ಅನ್ವಯಿಸುತ್ತದೆ ಎಂದು ವಿದ್ವಾಂಸರು ವಿವರಿಸಿದ್ದಾರೆ. ಸಿರಿವಂತಿಕೆಯ ಪ್ರದರ್ಶನವೂ ಸಲ್ಲದು, ಭಕ್ತಿಯ ಪ್ರದರ್ಶನವೂ ಸಲ್ಲದು. ಬೇರೆಯವರ ಕಣ್ಣಿಗಾಗಿ ತೊಟ್ಟದ್ದು ಎಷ್ಟು ಚೆನ್ನಾಗಿದ್ದರೂ ನಮ್ಮದಾಗುವುದಿಲ್ಲ. ಅದು ಎರವಲು.

ಹಾಗಾದರೆ ಯಾವುದು ನಮ್ಮದು? ಚರಿತ್ರೆಯಿಂದ ನಮಗೆ ಸಿಗುವ ಉತ್ತರ ಇಷ್ಟು: ಅದು ಮಾನ ಕಾಯಬೇಕು, ನಾವು ಮಾಡುವ ಕೆಲಸಕ್ಕೂ ಬದುಕುವ ಹವೆಗೂ ಒಗ್ಗಬೇಕು, ಪ್ರಾಮಾಣಿಕವಾಗಿ ದುಡಿದ ಹಣಕ್ಕೆ ನಿಲುಕಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಅದು ನಮ್ಮ ಕೈಯಿಂದಲೇ ನಮ್ಮ ಮೈಮೇಲೆ ಬರಬೇಕು. ಹೊನ್ನಾವರದ ಹಾಫಿಝಾಗಳ ಸೀರೆಯಲ್ಲಿ, ಮಿರ್ಝಾ ಸಾಹೇಬರ ಪೇಟದಲ್ಲಿ, ಅಂಬೇಡ್ಕರರ ಸೂಟಿನಲ್ಲಿ ನಾವು ಕಂಡದ್ದು ಇದನ್ನೇ.

ಹಜ್ಜಿಗೆ ಹೋದವರು ಇದನ್ನು ಕಣ್ಣಾರೆ ಕಂಡಿರುತ್ತಾರೆ. ಗಂಡಸರೆಲ್ಲ ಅಲ್ಲಿ ಹೊಲಿಗೆಯಿಲ್ಲದ ಎರಡು ಬಿಳಿ ಬಟ್ಟೆಗಳಲ್ಲಿರುತ್ತಾರೆ. ಸೊಂಟಕ್ಕೆ ಸುತ್ತಿದ್ದು ಇಝಾರ್, ಹೆಗಲ ಮೇಲಿನದು ರಿದಾ. ರಾಜನಿಗೂ ರೈತನಿಗೂ ಅದೇ. ಅವರ ಪಕ್ಕದಲ್ಲೇ ನಡೆಯುವ ಸ್ತ್ರೀಯರಿಗೆ ಮಾತ್ರ ಇಂಥದ್ದೇ ಬಣ್ಣ, ಇಂಥದ್ದೇ ಹೊಲಿಗೆ ಎಂಬ ನಿಯಮವಿಲ್ಲ. ಇಂಡೋನೇಶ್ಯದವರು ಅವರ ಬಿಳಿಯಲ್ಲಿ, ನೈಜೀರಿಯದವರು ಅವರ ಬಣ್ಣಗಳಲ್ಲಿ, ನಮ್ಮವರು ನಮ್ಮ ಉಡುಪಿನಲ್ಲಿ ಒಂದೇ ಮನೆಯ ಸುತ್ತ ಸುತ್ತುತ್ತಾರೆ. ಯಾರೂ ಯಾರಿಗೂ 'ಇದು ನಮ್ಮ ಉಡುಪಲ್ಲ' ಎನ್ನುವುದಿಲ್ಲ.

ಮುಂದಿನ ಹಬ್ಬಕ್ಕೆ ಬಟ್ಟೆ ಅಂಗಡಿಗೆ ಹೋದಾಗ ಅಜ್ಜನಿಗೆ ಲುಂಗಿ ಕೊಡಿಸೋಣ, ಚಿಕ್ಕಪ್ಪನ ಬಿಳಿ ಅಂಗಿಗೆ ನಗದಿರೋಣ. ಮಗಳ ಸರದಿ ಬಂದಾಗ ಹತ್ತು ನಿಮಿಷ ಸುಮ್ಮನಿದ್ದು ಅವಳೇ ಆರಿಸಲಿ ಎಂದು ಕಾಯೋಣ. ಸಭ್ಯತೆಯನ್ನು ನಾವು ಅವಳಿಗೆ ಚೆನ್ನಾಗಿ ಕಲಿಸಿದ್ದರೆ ಅವಳ ಆಯ್ಕೆಗೆ ಹೆದರಬೇಕಾದುದೇನಿದೆ?